ದಾರ ಕಾಣದ ಹೊಲಿಗೆ

ನನ್ನ ಗಂಡ ಒಳ್ಳೆಯ ಮನುಷ್ಯರು. ಜೋರಾಗಿ ಮಾತಾಡುವವರಲ್ಲ. ತಟ್ಟೆಗೆ ಬಡಿಸಿದ್ದನ್ನು ಸದ್ದಿಲ್ಲದೆ ಉಂಡು ಏಳುತ್ತಾರೆ. ಇಂಥವರ ಬಾಯಿಂದ ಬರುವ ಒಂದೇ ಒಂದು ಮಾತಿಗೆ ನಾನು ಮೂವತ್ತೊಂಬತ್ತು ವರ್ಷದಿಂದ ಹೊಟ್ಟೆ ಉರಿಸಿಕೊಳ್ಳುತ್ತಿದ್ದೇನೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬಲಾರರು.

ನಾನು ಹೊಲಿಗೆ ಕೆಲಸದವಳು. ಮದುವೆಯಾಗಿ ತಿಂಗಳೊಳಗೆ ಇವರಿಗೊಂದು ಅಂಗಿ ಹೊಲಿದುಕೊಟ್ಟೆ. ಇವರು ಅದನ್ನು ಹಾಕಿಕೊಳ್ಳಲಿಲ್ಲ, ಮೊದಲು ಒಳಮಗ್ಗುಲು ತಿರುಗಿಸಿ ನೋಡಿದರು. ಪುಸ್ತಕದ ಬೈಂಡಿಂಗ್ ಕೆಲಸದವರಲ್ಲವೇ, ಹಾಗೆಯೇ ನೋಡುತ್ತಾರೆ. "ಚೆನ್ನಾಗಿದೆ" ಎಂದರು. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಅರ್ಧ ಆಯುಷ್ಯ ನೆಮ್ಮದಿಯಲ್ಲಿ ಕಳೆಯುತ್ತಿತ್ತು. ನಿಲ್ಲಿಸಲಿಲ್ಲ. "ಆದ್ರೆ ಗ್ರಂಥಾಲಯದಲ್ಲಿ ಅವಳು ಹೊಲೀತಿದ್ಲಲ್ಲ, ಅದನ್ನ ನೀನು ನೋಡ್ಬೇಕಿತ್ತು. ದಾರ ಕಾಣೋದೇ ಇಲ್ಲ" ಎಂದರು.

ಅವಳು! ಹೆಸರಿಲ್ಲ, ಊರಿಲ್ಲ, ಬರೀ ಅವಳು. ಮಗಳ ಶಾಲೆಯ ಸಮವಸ್ತ್ರದ ಅಂಚು ಮಡಿಸಿ ಹೊಲಿದಾಗಲೂ ಅವಳು ಬಂದಳು. ಅತ್ತೆಯ ದಿಂಬಿನ ಚೀಲ ಹೊಲಿದಾಗಲೂ ಬಂದಳು. ಊರಿನ ಬ್ಯಾಂಕಿನ ಮ್ಯಾನೇಜರ್ ನನ್ನ ಕೈಯಲ್ಲಿ ಕೋಟು ಹೊಲಿಸಿಕೊಂಡು, ಕಾಜಾ ಹೊಲಿಗೆ ನೋಡಿ "ಇದು ಕೈಯದಾ, ಮಿಷನ್ನಿನದಾ?" ಎಂದು ಬೆರಗಾದ ದಿನ, ಇವರು ಪಕ್ಕದಲ್ಲಿ ಕೂತು ಒಂದು ನಿಟ್ಟುಸಿರು ಬಿಟ್ಟರು. ಬಾಯಿ ತೆರೆಯಲಿಲ್ಲ, ಆದರೂ ನನಗೆ ಕೇಳಿಸಿತು. ಆ ದಿನ ಅನ್ನಕ್ಕೆ ಬೇಕೆಂತಲೇ ಉಪ್ಪು ಹೆಚ್ಚು ಹಾಕಿದೆ. ಅದನ್ನೂ ಉಂಡು ಎದ್ದರು.

ಸಂಗತಿ ಇಷ್ಟು. ಮದುವೆಗೆ ಮುಂಚೆ, ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕರ ತನಕ, ಇವರು ದೊಡ್ಡ ಪಟ್ಟಣದ ಒಂದು ಹಳೆಯ ಗ್ರಂಥಾಲಯದಲ್ಲಿ ಹರಿದ ಪುಸ್ತಕ ಸರಿಮಾಡುವ ಕೆಲಸದಲ್ಲಿದ್ದರು. ಆ ಕೋಣೆಗೆ ಹಿರಿಯಳು ಅವಳು. ಅಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತಂತೆ. ಯಾರ ಕೆಲಸ ಕೆಟ್ಟರೂ ಬಾಯಿಬಿಟ್ಟು ಹೇಳುವಂತಿಲ್ಲ. ಹೊಲಿಗೆ ಸರಿಯಿದ್ದರೆ ಹಿರಿಯರು ಪುಸ್ತಕವನ್ನು ಹಾಗೇ ಕಪಾಟಿಗೆ ಸೇರಿಸುತ್ತಾರೆ. ಸರಿಯಿಲ್ಲದಿದ್ದರೆ ಎಲ್ಲ ಬಿಚ್ಚಿ, ತಾವೇ ಮತ್ತೆ ಹೊಲಿದು, ಆಮೇಲೆ ಸೇರಿಸುತ್ತಾರೆ. ಹೊಲಿದವರು ಮುಂದೆಂದೋ ಪುಸ್ತಕ ತೆಗೆದು ನೋಡಿ, ಒಳಗಿರುವುದು ತಮ್ಮ ಗಂಟೋ ಅಲ್ಲವೋ ಎಂದು ತಾವೇ ತಿಳಿದುಕೊಳ್ಳಬೇಕು.

ಇವರು ಕೊನೆಗೆ ಹೊಲಿದದ್ದು ಒಂದು ದೊಡ್ಡ ನಕ್ಷೆ ಪುಸ್ತಕ. ಆ ಪಟ್ಟಣದ ಬಾವಿ, ಕಾಲುವೆ, ತೂಬುಗಳನ್ನೆಲ್ಲ ಕೈಯಲ್ಲಿ ಬರೆದಿದ್ದ ಪುಸ್ತಕ. ಹಾಳೆಗಳನ್ನು ಕಂತೆ ಕಂತೆಯಾಗಿ ಮಡಿಸಿ ಹೊಲಿದ ಮೂವತ್ತಾರು ಮಡಿಕೆ. ಅದನ್ನು ಮುಗಿಸಿದ ದಿನವೇ ನಮ್ಮ ಊರಿನ ಪ್ರೆಸ್ಸಿನಿಂದ ಕೆಲಸದ ಕಾಗದ ಬಂತು, ಹೊರಟು ಬಂದರು. ಅವಳು ಬಿಚ್ಚಿದಳೋ ಬಿಟ್ಟಳೋ ಗೊತ್ತಾಗಲೇ ಇಲ್ಲ. ಇವರಿಗೆ ಜೀವಮಾನದಲ್ಲಿ ತಿಳಿಯಬೇಕೆಂದಿದ್ದದ್ದು ಅದೊಂದೇ. ಹೆಂಡತಿ ಮನಸ್ಸಿನಲ್ಲಿ ಏನಿದೆ ಎಂದು ಒಂದು ದಿನವೂ ಕೇಳಿದವರಲ್ಲ.

ಹೋದ ತಿಂಗಳು ಇವರ ಬಲಗಣ್ಣಿನ ಪೊರೆ ತೆಗೆಸಲು ಅದೇ ಪಟ್ಟಣಕ್ಕೆ ಹೋದೆವು. ಆಪರೇಷನ್ ಆಯಿತು, ಕಣ್ಣಿನ ಮೇಲೆ ತೂತು ತೂತಿನ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದರು. ಎಡಗಣ್ಣೂ ಮಂಜು ಮಂಜೇ. ಬಗ್ಗಬಾರದು, ಮೆಟ್ಟಿಲು ಹತ್ತಬಾರದು, ನಾಡಿದ್ದು ತೋರಿಸಿಕೊಂಡು ಊರಿಗೆ ಹೋಗಿ ಎಂದರು ಡಾಕ್ಟರು. ಮಧ್ಯದ ಒಂದು ದಿನ ಖಾಲಿ. ಮಧ್ಯಾಹ್ನ ಊಟ ಮುಗಿಸಿ ಲಾಡ್ಜಿನ ಮಂಚದ ಮೇಲೆ ಕೂತು ಇವರು ಉಗುರು ನೋಡಿಕೊಳ್ಳುತ್ತ, "ಇಲ್ಲೇ ಹತ್ರ" ಎಂದರು.

"ಏನು ಹತ್ರ?" ಎಂದೆ, ಗೊತ್ತಿದ್ದೂ.

"ಗ್ರಂಥಾಲಯ. ನನಗಂತೂ ಕಣ್ಣು ಕಾಣಲ್ಲ. ನೀನು ನೋಡಿ ಹೇಳಿದ್ರೆ ಸಾಕು."

ಮೂವತ್ತೊಂಬತ್ತು ವರ್ಷ ನನ್ನನ್ನು ಉರಿಸಿದ ಹೊಲಿಗೆಯನ್ನು ನಾನೇ ಹೋಗಿ ನೋಡಿ, ನಾನೇ ಬಂದು ವರದಿ ಒಪ್ಪಿಸಬೇಕು! ಬೇರೆ ದಿನವಾಗಿದ್ದರೆ ನಾಲ್ಕು ಮಾತು ಆಡುತ್ತಿದ್ದೆ. ಆದರೆ ನನ್ನೊಳಗೂ ಒಂದು ಆಸೆ ಎದ್ದಿತು. ನೋಡೇ ಬಿಡೋಣ ಅವಳ ಹೊಲಿಗೆಯನ್ನು. ನಾಲ್ಕು ತಪ್ಪು ಹುಡುಕಿ ಇವರ ಮುಂದೆ ಹರಡೋಣ, ಈ ಪೀಡೆ ಇವತ್ತಿಗೇ ತೊಲಗಲಿ ಎಂದುಕೊಂಡು ಚಪ್ಪಲಿ ಮೆಟ್ಟಿದೆ.

ಆ ಗ್ರಂಥಾಲಯವನ್ನು ಪಟ್ಟಣದವರೇ ಅರಿಯರು. ಇಬ್ಬರನ್ನು ಕೇಳಿದೆ. ಒಬ್ಬರು ಹೊಸ ಗಾಜಿನ ಕಟ್ಟಡದ ಕಡೆ ಕೈ ತೋರಿಸಿದರು, ಇನ್ನೊಬ್ಬರು ತಲೆ ಅಲ್ಲಾಡಿಸಿದರು. ಇವರು ಮಾತ್ರ ಮಂಜುಗಣ್ಣಿನಲ್ಲೇ ಮುಂದೆ ಮುಂದೆ ನಡೆದರು. ಕೊಡೆ ರಿಪೇರಿಯ ಅಂಗಡಿಗೂ ಔಷಧದ ಗೋದಾಮಿಗೂ ನಡುವೆ ಒಂದು ಕಿರಿದಾದ ಬಾಗಿಲು. ಒಳಗೆ ಕಾಲಿಟ್ಟರೆ ಎತ್ತರದ ಮಾಡು, ಉದ್ದನೆಯ ಮೇಜು, ನೂರಾರು ಜನ ಮೊಣಕೈ ಊರಿ ಊರಿ ಸವೆಸಿದ ಅಂಚು. ಹಳೆಯ ಕಾಗದದ ವಾಸನೆ. ಬಾಗಿಲ ಬಳಿ ದೊಡ್ಡ ಹಿತ್ತಾಳೆ ತಕ್ಕಡಿ. ನೂರನಲವತ್ತು ವರ್ಷದ ಹಿಂದೆ ಇದನ್ನು ಕಟ್ಟಿಸಿದವನು ತಕ್ಕಡಿ ಮಾಡುವವನಂತೆ. ಯಾರೂ ಹಾಳೆ ಹರಿದು ಒಯ್ಯಬಾರದು ಎಂದು ಪುಸ್ತಕ ಕೊಡುವಾಗಲೂ ತೂಕ, ವಾಪಸು ಪಡೆಯುವಾಗಲೂ ತೂಕ. ಈಗಲೂ ಹಾಗೇ ಮಾಡುತ್ತಾರೆ. ನನಗೆ ಆ ಮನುಷ್ಯ ಹಿಡಿಸಿದ. ಬಟ್ಟೆ ತಂದುಕೊಡುವ ಗಿರಾಕಿಗಳ ಹತ್ತಿರ ನಾನೂ ಅಳತೆ ಬರೆಸಿಕೊಂಡೇ ಇಟ್ಟುಕೊಳ್ಳುತ್ತೇನೆ.

ಬಾಗಿಲು ಕಾಯುವವನನ್ನು ಕೇಳಿದೆವು. "ರಿಪೇರಿ ಕೋಣೇನಾ? ಮೇಲೆ. ಎಡಗೈ ಅಕ್ಕ ಇದಾರೆ, ಹೋಗಿ" ಎಂದ.

ಇವರು ನಿಂತಲ್ಲೇ ನಿಂತರು. "ಇನ್ನೂ ಬರ್ತಾರಾ?" ಎಂದು ಕೇಳಿದರು. ಅವಳು ಎನ್ನುತ್ತಿದ್ದ ಬಾಯಲ್ಲಿ ಬಹುವಚನ ಬಂತು.

"ರಿಟೈರ್ ಆಗಿ ಹದಿಮೂರು ವರ್ಷ ಆಯ್ತು. ವಾರಕ್ಕೆ ಎರಡು ದಿನ ಬರ್ತಾರೆ. ಬೇಡ ಅನ್ನೋ ಧೈರ್ಯ ಯಾರಿಗಿದೆ?" ಎಂದು ಅವನು ನಕ್ಕ.

ಮೇಲಕ್ಕೆ ಸುತ್ತು ಸುತ್ತಿನ ಕಬ್ಬಿಣದ ಮೆಟ್ಟಿಲು. ಡಾಕ್ಟರ ಮಾತು ಇವರಿಗೆ ನೆನಪಿತ್ತು. ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕೂತು, ಅಂಗಿಯ ಕಾಲರು ಎಳೆದುಕೊಂಡು, ತಲೆಗೂದಲ ಮೇಲೆ ಕೈಯಾಡಿಸಿಕೊಂಡರು. ನನ್ನನ್ನು ನೋಡಲು ಬಂದ ದಿನ ಹೀಗೆ ತಲೆ ಸವರಿಕೊಂಡಿದ್ದು ನನಗಂತೂ ನೆನಪಿಲ್ಲ. "ನೀನೇ ಹೋಗು. ನಕ್ಷೆ ಪುಸ್ತಕ ಕೇಳು. ಒಳಗಿನ ಗಂಟು ನೋಡು. ನನ್ನದು ಮೂರು ಸುತ್ತು, ಬಲಕ್ಕೆ" ಎಂದರು. ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದೆ.

ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡವಳು ತೆಳ್ಳಗೆ, ಬೆಳ್ಳಗೆ, ಉದ್ದನೆಯ ಬೆರಳುಗಳವಳು. ಕೋಣೆಯಲ್ಲಿ ಕೂತಿದ್ದವಳು ಕುಳ್ಳಿ. ಎಪ್ಪತ್ತು ದಾಟಿದೆ, ಸೀಸೆಯ ತಳದಷ್ಟು ದಪ್ಪನೆಯ ಕನ್ನಡಕ, ಬೆರಳುಗಳು ಮೊಂಡು ಮೊಂಡು. ನನಗೆ ಒಂದು ಕ್ಷಣ ಎಷ್ಟು ಹಾಯೆನಿಸಿತೆಂದರೆ ನಗು ಬಂತು. ಅವಳು ಎಡಗೈಯಲ್ಲಿ ಕುಂಚ ಹಿಡಿದು ಒಂದು ಹಾಳೆಗೆ ಅಂಟು ಸವರುತ್ತಿದ್ದಳು.

"ನನ್ನ ಯಜಮಾನರು ನಿಮ್ಮ ಕೈಕೆಳಗೆ ಎರಡು ವರ್ಷ ಕೆಲಸ ಮಾಡಿದವರು, ಅಕ್ಕಾ. ಕೆಳಗೆ ಕೂತಿದ್ದಾರೆ" ಎಂದೆ.

"ಯಾರು?" ಎಂದಳು, ತಲೆ ಎತ್ತದೆ.

ಹೇಳಿದೆ. ಯಾವ ವರ್ಷ, ಯಾವ ಊರು, ಎಂಥ ಮನುಷ್ಯ, ಎಲ್ಲ.

"ಎತ್ತರಕ್ಕಿದ್ದವ್ರಾ?"

"ಅಲ್ಲ."

"ಯಾವಾಗ್ಲೂ ಸೀನ್ತಿದ್ದವ್ರಾ?"

"ಅಲ್ಲ ಅಕ್ಕಾ."

"ಹನ್ನೆರಡು ಹದಿಮೂರು ಜನ ಬಂದ್ರು, ಹೋದ್ರು. ನನಗೆ ಮುಖ ನಿಲ್ಲಲ್ಲ ತಾಯಿ" ಎಂದಳು.

ಮೂವತ್ತೊಂಬತ್ತು ವರ್ಷ ನಮ್ಮ ಮನೆಯಲ್ಲಿ ಊಟಕ್ಕೆ ತಿಂಡಿಗೆ ಇವಳದೇ ಮಾತು, ಇವಳಿಗೆ ನನ್ನ ಗಂಡನ ಮುಖ ನಿಲ್ಲುವುದಿಲ್ಲ! ಖುಷಿ ಪಡಬೇಕಾದವಳು ನಾನು. ಆದರೆ ಮೈಯೆಲ್ಲ ಉರಿಯಿತು. ಎಷ್ಟು ಕೊಬ್ಬು ಇವಳಿಗೆ, ಅಂಥ ಮನುಷ್ಯನನ್ನು ಮರೆಯಲು? "ನಕ್ಷೆ ಪುಸ್ತಕ ಹೊಲಿದವರು" ಎಂದೆ.

ಅವಳ ಕುಂಚ ನಿಂತಿತು. "ಓ, ಬಿಗಿ ಕೈ" ಎಂದಳು.

ಎದ್ದು ಹೋಗಿ ಕಪಾಟಿನ ಕೆಳಗಿನ ಅರೆಯಿಂದ ಪುಸ್ತಕವನ್ನು ಎರಡೂ ತೋಳಿನಲ್ಲಿ ಎತ್ತಿ ತಂದು ಮೇಜಿನ ಮೇಲೆ ಮಲಗಿಸಿದಳು. "ಕೈ ಒರೆಸ್ಕೊಂಡು ಮುಟ್ಟಿ" ಎಂದು ಬಟ್ಟೆ ಕೊಟ್ಟಳು. ತಾನು ಮತ್ತೆ ಅಂಟಿನ ಕೆಲಸಕ್ಕೆ ಕೂತಳು.

ತೆರೆದೆ. ಮೊದಲ ಮಡಿಕೆಯ ನಡುವಿಗೆ ಬಂದೆ. ಅಲ್ಲಿ ದಾರ ಇರಬೇಕು. ನನಗೆ ಕಾಣಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಕಾಗದದ ಬಣ್ಣದ್ದೇ ದಾರ, ಕಾಗದದ ಮಡಿಕೆಯೊಳಗೇ ಹೂತುಹೋಗಿದೆ, ಎಲ್ಲೂ ಎಳೆದಿಲ್ಲ, ಎಲ್ಲೂ ಸಡಿಲಿಲ್ಲ. ಬೆರಳಿಟ್ಟರೆ ಮಾತ್ರ ಗೊತ್ತಾಗುತ್ತದೆ. ಕೊನೆಯಲ್ಲಿ ಸಾಸಿವೆಯಷ್ಟು ಒಂದು ಗಂಟು. ಎರಡು ಸುತ್ತು. ಎಡಕ್ಕೆ ವಾಲಿದೆ.

ಎರಡನೆಯ ಮಡಿಕೆ, ಎಡಕ್ಕೆ. ಐದನೆಯದು, ಎಡಕ್ಕೆ. ಹತ್ತು, ಹನ್ನೆರಡು, ಇಪ್ಪತ್ತು. ಪಕ್ಕದಲ್ಲಿ ಹಳೆಯ ತೂತುಗಳಿಗೆ ತೆಳು ಕಾಗದದ ತೇಪೆ ಹಾಕಿ ಮುಚ್ಚಿದ್ದೂ ಕಂಡಿತು. ನಾನು ತಪ್ಪು ಹುಡುಕಲು ಬಂದವಳು. ಹುಡುಕಿದೆ, ದೇವರಾಣೆಗೂ ಹುಡುಕಿದೆ. ಒಂದೂ ಸಿಗಲಿಲ್ಲ.

"ಎಲ್ಲ ಬಿಚ್ಚಿಬಿಟ್ಟಿದ್ದೀರಿ" ಎಂದೆ.

"ಮೂಟೆ ಕಟ್ಟೋರ ಹಾಗೆ ಎಳ್ದಿದ್ರು. ಹಾಗೇ ಬಿಟ್ಟಿದ್ರೆ ಹತ್ತು ವರ್ಷಕ್ಕೆ ಕಾಗದ ಸೀಳ್ಕೊಂಡು ಬರ್ತಿತ್ತು. ಹನ್ನೊಂದು ದಿನ ಹಿಡೀತು ನನಗೆ. ಕೊನೇದು ಮಾತ್ರ ಬಿಚ್ಚಿಲ್ಲ, ನೋಡಿ. ಅಷ್ಟೊತ್ತಿಗೆ ಅವರ ಕೈ ಹದಕ್ಕೆ ಬಂದಿತ್ತು" ಎಂದಳು.

ಮೂವತ್ತಾರನೆಯದನ್ನು ತೆರೆದೆ. ಮೂರು ಸುತ್ತು, ಬಲಕ್ಕೆ. ನನ್ನ ಗಂಡನ ಗಂಟು. ನಮ್ಮ ಮನೆಯ ಹಾಸಿಗೆ ಕಟ್ಟುವ ಹಗ್ಗಕ್ಕೂ ಇವರು ಹಾಕುವುದು ಅದೇ ಗಂಟು.

ಆಮೇಲೆ ನಾನು ಕೇಳದೆಯೇ ಅವಳು ತನ್ನ ಕಥೆ ಹೇಳಿದಳು, ಅಂಟಿನ ಹಾಳೆಯ ಸುಕ್ಕು ಹೋಗುವಂತೆ ಮೂಳೆಯ ಪಟ್ಟಿಯಿಂದ ತೀಡುತ್ತ. ಹತ್ತೊಂಬತ್ತಕ್ಕೆ ಇಲ್ಲಿ ನೆಲ ಗುಡಿಸಲು ಬಂದವಳಂತೆ. ಮನೆಯಲ್ಲಿ ಎಡಗೈ ಎತ್ತಿದರೆ ಅವ್ವ ಏಟು ಕೊಡುತ್ತಿದ್ದಳು, ಒಂದು ವರ್ಷ ಆ ಕೈಯನ್ನು ಸೊಂಟಕ್ಕೇ ಕಟ್ಟಿಹಾಕಿದ್ದಳು. ಇಲ್ಲಿನ ಆಗಿನ ಹಿರಿಯ ಬೈಂಡರ್, ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳನ್ನು ಕರೆದು ಸೂಜಿ ಕೊಟ್ಟ. "ಯಾವ ಕೈ ಆದ್ರೇನು, ಪುಸ್ತಕಕ್ಕೇನು ಗೊತ್ತಾಗುತ್ತೆ ಅಂದ್ರು" ಎಂದಳು. ಆರು ವರ್ಷ ಬರೀ ಗಂಟು ಹಾಕಿ ಬಿಚ್ಚಿದ್ದಳಂತೆ.

"ಮದುವೆ?" ಎಂದೆ. ನನಗೆ ಬೇಕಾಗಿದ್ದದ್ದು ಅದು.

"ಆಗಿತ್ತು. ಅವರಿಗೆ ಬೇರೆ ಊರಿಗೆ ವರ್ಗ ಆಯ್ತು. ಆ ವರ್ಷ ನೆಲಮಾಳಿಗೆಗೆ ನೀರು ನುಗ್ಗಿ ನೂರಾ ಹತ್ತು ಪುಸ್ತಕ ಬಿಚ್ಚಿ ಒಣಗಿಸ್ತಿದ್ದೆ. ಬಿಟ್ಟು ಹೋಗೋದು ಹೇಗೆ? ಮುಗಿಸಿ ಬರ್ತೀನಿ ಅಂದೆ. ನಾಲ್ಕು ವರ್ಷ ಹಿಡೀತು. ಅವರೂ ಎಷ್ಟು ದಿನ ಅಂತ ಕಾಯ್ತಾರೆ, ಪಾಪ" ಎಂದಳು. ಅವಳ ಧ್ವನಿಯಲ್ಲಿ ಅಳುವೂ ಇರಲಿಲ್ಲ, ಜಂಬವೂ ಇರಲಿಲ್ಲ.

ನಾನು ಆ ಕೋಣೆಯನ್ನು ಸುತ್ತ ನೋಡಿದೆ. ದೊಡ್ಡ ಕಿಟಕಿ, ಕಣ್ಣಿಗೆ ಹೊಡೆಯದ ಬೆಳಕು. ಅವಳ ಎಡಗೈಗೆ ಒಗ್ಗುವ ಹಾಗೆ ಕತ್ತರಿ, ಅವಳ ಎತ್ತರಕ್ಕೆ ಕಾಲು ಕುಯ್ದ ಕುರ್ಚಿ. ನನ್ನ ಮಿಷನ್ ಅಡುಗೆಮನೆಗೂ ಬಚ್ಚಲಿಗೂ ನಡುವೆ ಇದೆ, ಕುಕ್ಕರ್ ಕೂಗಿದರೆ ಎದ್ದು ಹೋಗಬೇಕು. ಗಿರಾಕಿಗಳದ್ದು ಯಾವಾಗಲೂ ನಾಳೆ ಸಂಜೆಗೇ ಬೇಕು, ಮದುವೆ ಇದೆ, ಬೇಗ ಕೊಡಿ. ನನ್ನ ಜೀವಮಾನದಲ್ಲಿ ಒಂದು ಹೊಲಿಗೆಗೆ ಹನ್ನೊಂದು ದಿನ ಯಾರು ಕೊಟ್ಟಿದ್ದಾರೆ? ನಾನು ಹೊಲಿದದ್ದೆಲ್ಲ ಮಕ್ಕಳು ಬೆಳೆದರೆ ಬಿಗಿಯಾಗುತ್ತದೆ, ದೊಡ್ಡವರು ದಪ್ಪಗಾದರೆ ಹರಿಯುತ್ತದೆ, ಕೊನೆಗೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಇವಳದ್ದು ಇನ್ನೂ ನೂರು ವರ್ಷ ಈ ಕಪಾಟಿನಲ್ಲಿ ಸುಖವಾಗಿ ಮಲಗಿರುತ್ತದೆ. ಇವಳು ನನ್ನ ಗಂಡನ ಮನಸ್ಸು ಕದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಈ ಕುರ್ಚಿಗೆ, ಈ ಕಿಟಕಿಗೆ, ಈ ಹನ್ನೊಂದು ದಿನಕ್ಕೆ ಯಾರ ಹತ್ತಿರ ಜಗಳವಾಡಲಿ?

ಅವಳು ನನ್ನ ಹೆಗಲ ಚೀಲದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು. ಇವರ ಆಸ್ಪತ್ರೆಯ ಕಾಗದಗಳಿಗೆಂದು ನಾನೇ ಹೊಲಿದ ಚೀಲ. "ನೇರ ಇದೆ" ಎಂದು ಕೈಬಿಟ್ಟಳು. ಅಷ್ಟೇ!

"ಕೆಳಗೆ ಬಂದು ಒಂದು ಮಾತಾಡಿ" ಎಂದೆ.

"ಅಂಟು ಹಸಿ ಇದೆ. ನಾಲ್ಕಕ್ಕೆ ಇಳೀತೀನಿ, ಅಲ್ಲಿ ತನಕ ಕೂತಿರ್ಲಿ. ಬಿಚ್ಚಿದ್ದು ಅವರಿಗೆ ಹೇಳೋದು ಬಿಡೋದು ನಿಮಗೆ ಸೇರಿದ್ದು. ನಾವಿಲ್ಲಿ ಬಾಯಲ್ಲಿ ಹೇಳಲ್ಲ" ಎಂದಳು.

ಮೆಟ್ಟಿಲು ಇಳಿಯುತ್ತ ಲೆಕ್ಕ ಹಾಕಿದೆ. ನಿಜ ಹೇಳಿದರೆ ಏನಾಗುತ್ತದೆ? ಅವಳ ಪಟ್ಟ ಇನ್ನೊಂದು ಮೆಟ್ಟಿಲು ಮೇಲೇರುತ್ತದೆ, ಇವರ ಮುಖ ಬಾಡುತ್ತದೆ. ಕಣ್ಣಿಗೆ ಮುಚ್ಚಳ ಕಟ್ಟಿಕೊಂಡು ಕೂತ ಮುದುಕನಿಗೆ, ನಿನ್ನ ಕೆಲಸ ಹಾಳಾಗಿತ್ತು ಎಂದು ಹೇಳಲೇ? ಮುಖ ಕೂಡ ಮರೆತವಳ ಎದುರು ನನ್ನ ಗಂಡ ಸಣ್ಣವರಾಗಬೇಕೆ? ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಸುಳ್ಳು ಸಿದ್ಧವಾಗಿತ್ತು.

ಇವರು ಎದ್ದು ನಿಂತರು. ನನ್ನ ಕಡೆ ಮುಖ ಮಾಡಿದರು.

"ನಿಮ್ಮದೇ ಗಂಟು ರೀ. ಮೂರು ಸುತ್ತು, ಬಲಕ್ಕೆ. ಮೂವತ್ತಾರೂ ನಿಮ್ಮದೇ. ಒಂದನ್ನೂ ಮುಟ್ಟಿಲ್ಲ" ಎಂದೆ.

ಇವರು ನಗಲಿಲ್ಲ. ಮೆಲ್ಲಗೆ ಮತ್ತೆ ಬೆಂಚಿನ ಮೇಲೆ ಕೂತರು. ತಕ್ಕಡಿಯ ಹತ್ತಿರ ಯಾರೋ ಪುಸ್ತಕ ತೂಗಿಸುತ್ತಿದ್ದರು.

"ಹಾಗಾದ್ರೆ ಅವಳು ನೋಡಿಲ್ಲ" ಎಂದರು ಕೊನೆಗೆ. "ನಾನು ಬಿಗಿಯಾಗಿ ಎಳ್ದಿದ್ದೆ. ಆವಾಗ್ಲೇ ಗೊತ್ತಿತ್ತು ನನಗೆ. ಕೆಲಸದ ಕಾಗದ ಬರುತ್ತೆ ಅಂತ ಅವಸರ ಮಾಡಿದ್ದೆ. ಹೆಂಗೂ ಅವಳಿದಾಳೆ, ಬಿಚ್ಚಿ ಸರಿ ಮಾಡ್ತಾಳೆ ಅಂದ್ಕೊಂಡು ಬಂದ್ಬಿಟ್ಟೆ. ಇಷ್ಟು ವರ್ಷ ಅದೇ ಧೈರ್ಯ. ಪುಸ್ತಕ ಸೀಳಿರಬೇಕು, ಅಲ್ವಾ?"

ಇವರು ಮೂವತ್ತೊಂಬತ್ತು ವರ್ಷದಿಂದ ಅವಳು ಬಿಚ್ಚಿರಲಿ ಎಂದು ಹಾರೈಸುತ್ತಿದ್ದರೇ? ನಾನು ತಿಳಿದದ್ದೇ ಉಲ್ಟಾ.

"ಇಲ್ಲ, ಸೀಳಿಲ್ಲ" ಎಂದೆ.

"ಸೀಳುತ್ತೆ. ಇವತ್ತಲ್ಲ ನಾಳೆ. ಅವಳೂ ಎಲ್ಲರ ಹಾಗೇ ಕಣೇ. ನಾನೇ ಸುಮ್ಮನೆ ತಲೆ ಮೇಲೆ ಕೂರಿಸ್ಕೊಂಡಿದ್ದೆ" ಎಂದರು. "ನಡಿ, ಹೋಗೋಣ."

ಕೇಳಿದಿರಾ? ಅವಳೂ ಎಲ್ಲರ ಹಾಗೇ! ಈ ಮಾತಿಗಾಗಿ ನಾನು ಎಷ್ಟು ಅಂಗಿ ಹೊಲಿದಿದ್ದೆ, ಎಷ್ಟು ಸಲ ಅನ್ನಕ್ಕೆ ಉಪ್ಪು ಸುರಿದಿದ್ದೆ. ಒಂದು ಸುಳ್ಳಿಗೆ ಇವರ ತಲೆಯಿಂದ ಅವಳು ಕೆಳಗಿಳಿದಿದ್ದಳು. ಇನ್ನು ನಮ್ಮ ಮನೆಯಲ್ಲಿ ಅವಳ ಸುದ್ದಿ ಇಲ್ಲ. ನಾನು ಮಾಡಬೇಕಾದದ್ದು ಇಷ್ಟೇ: ಇವರ ಕೈ ಹಿಡಿದು ಆ ಕಿರಿದಾದ ಬಾಗಿಲು ದಾಟುವುದು.

ಕೈ ಹಿಡಿದೆ. ತಕ್ಕಡಿಯವರೆಗೂ ನಡೆಸಿಕೊಂಡು ಬಂದೆ. ಆ ಎಡಕ್ಕೆ ವಾಲಿದ ಗಂಟುಗಳು ಕಣ್ಣ ಮುಂದೆ ಸಾಲಾಗಿ ನಿಂತವು, ಸಾಸಿವೆಯಷ್ಟು ಸಾಸಿವೆಯಷ್ಟು. ಹಳೆಯ ತೂತಿಗೆ ಒಂದೊಂದಕ್ಕೂ ತೇಪೆ. ಬ್ಯಾಂಕ್ ಮ್ಯಾನೇಜರ್ ಕೋಟಿಗೆ ನಾನು ಹೊಲಿದ ಕಾಜಾ ನೋಡಿ ಯಾರಾದರೂ ಎಲ್ಲರ ಹಾಗೇ ಎಂದಿದ್ದರೆ ನಾನು ಸುಮ್ಮನೆ ಬಿಡುತ್ತಿದ್ದೆನೇ? ಹಾಳಾದ್ದು, ಕಾಲು ಮುಂದೆ ಬರಲಿಲ್ಲ.

"ರೀ, ನಾನು ಸುಳ್ಳು ಹೇಳಿದೆ" ಎಂದೆ.

ಇವರು ನಿಂತರು.

"ಎಲ್ಲ ಬಿಚ್ಚಿದ್ದಾಳೆ. ಮೂವತ್ತೈದೂ. ಹನ್ನೊಂದು ದಿನ ಕೂತು ಹೊಲಿದಿದ್ದಾಳೆ. ಕೊನೇದೊಂದು ಬಿಟ್ಟಿದ್ದಾಳೆ, ಅಷ್ಟೊತ್ತಿಗೆ ನಿಮ್ಮ ಕೈ ಹದಕ್ಕೆ ಬಂದಿತ್ತಂತೆ."

"ಬಿಚ್ಚಿದ್ಲಾ?" ಎಂದರು. ಮುಚ್ಚಳವಿಲ್ಲದ ಕಣ್ಣಿನಿಂದ ನೀರಿಳಿಯಿತು. ಮುಖವೆಲ್ಲ ನಗು. ಮಗಳು ಹುಟ್ಟಿದ ಸುದ್ದಿ ತಂದ ನರ್ಸಿನ ಎದುರು ಹೀಗೆ ನಿಂತಿದ್ದರು. "ಹಂಗಾದ್ರೆ ಪುಸ್ತಕ ಉಳೀತು. ಕೊನೇದು ಬಿಟ್ಲಾ? ನಿಜವಾಗ್ಲೂ? ಹೇಗಿದೆ ಹೇಳು, ಅವಳ ಹೊಲಿಗೆ?"

ಮೇಲೆ ಕುರ್ಚಿ ಸರಿದ ಸದ್ದಾಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು. ಕಬ್ಬಿಣದ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಳಿಯತೊಡಗಿತು. ಇವರು ಮತ್ತೆ ಕಾಲರಿಗೆ ಕೈಹಾಕಿದರು. ನಾನು ಹೊಲಿದ ಅಂಗಿಯ ಕಾಲರು ಅದು.

"ಹೇಳೇ, ಹೇಗಿದೆ?" ಎಂದರು.

ಏನಾದರೊಂದು ಕೊಂಕು ಹುಡುಕಿದೆ. ಬಾಯಿಗೆ ಬಂದದ್ದು ಒಂದೇ ಮಾತು.

"ದಾರ ಕಾಣೋದೇ ಇಲ್ಲ" ಎಂದೆ.